ಆಯ್ಲರ್ ಕೇಳಿದ್ದು ಸಂಬಳವನ್ನಷ್ಟೇ ಅಲ್ಲ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಪರದೇಶದ ಕೆಲಸದ ಪತ್ರ ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಸಂಬಳದ ಅಂಕಿಯ ಕಡೆಗೆ. ಅದನ್ನು ರೂಪಾಯಿಗೆ ಗುಣಿಸಿ ನೋಡುವ ತನಕ ಸಮಾಧಾನವಿಲ್ಲ. ಮನೆ ಎಲ್ಲಿ, ಸಂಸಾರದ ಗತಿ ಏನು ಎಂಬುದೆಲ್ಲ ನೆನಪಾಗುವುದು ಟಿಕೆಟ್ ಬಂದ ಮೇಲೆ. ಗಣಿತಜ್ಞ ಲೆಯೊನಾರ್ಡ್ ಆಯ್ಲರ್ ಈ ಲೆಕ್ಕವನ್ನು ಬೇರೆ ರೀತಿ ಮಾಡಿದ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1707ರಲ್ಲಿ ಹುಟ್ಟಿದ ಈತನಿಗೆ ತನ್ನೂರಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. 1727ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಗೆ ಹೊರಟ. ವರ್ಷಕ್ಕೆ 200 ರೂಬಲ್, ಇರಲು ಜಾಗ, ಸೌದೆ, ದೀಪ. ಆ ಚಳಿಯಲ್ಲಿ ಸೌದೆಯೇನೂ ಸಣ್ಣ ಸವಲತ್ತಲ್ಲ. ಆದರೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಹುಡುಗ ಇರಲಿಲ್ಲ.

1741ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ಕರೆದನೆಂದು ಬರ್ಲಿನ್ನಿಗೆ ಹೋದ. ಜಾಣತನ ನೋಡಿ: ಹಳೆಯ ಧಣಿಗಳ ಸಂಬಂಧ ಕಡಿದುಕೊಳ್ಳಲಿಲ್ಲ. ಪೀಟರ್ಸ್‌ಬರ್ಗಿಗೆ ಲೇಖನ ಕಳಿಸುತ್ತಲೇ ಇದ್ದ, ಅಲ್ಲಿಂದ ಗೌರವಧನವೂ ಬರುತ್ತಿತ್ತು. ಬರ್ಲಿನ್ ಅಕಾಡೆಮಿಯ ಅಧ್ಯಕ್ಷ ಮೊಪರ್ತ್ಯುಯಿ 1759ರಲ್ಲಿ ತೀರಿಕೊಂಡಾಗ ಆಡಳಿತವೆಲ್ಲ ಆಯ್ಲರ್‌ನ ಹೆಗಲಿಗೆ ಬಿತ್ತು. ಕುರ್ಚಿ ಮಾತ್ರ ಬರಲಿಲ್ಲ. ದೊರೆಯ ಕಣ್ಣು ಫ್ರಾನ್ಸಿನ ದಾಲಂಬೇರ್ ಮೇಲಿತ್ತು.

ಆಗ ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ ಕರೆ ಕಳಿಸಿದಳು. ಈಗ ಆಯ್ಲರ್‌ಗೆ ಕೇಳುವ ಬಲವಿತ್ತು, ಕೇಳಿದ. ವರ್ಷಕ್ಕೆ 3,000 ರೂಬಲ್ ಸಂಬಳ, ಹೆಂಡತಿಗೆ ಪಿಂಚಣಿ, ಗಂಡುಮಕ್ಕಳಿಗೆ ಒಳ್ಳೆಯ ಹುದ್ದೆಗಳು. ದುರಾಸೆ ಎನ್ನುವವರುಂಟು, ನನಗೆ ಹಾಗೆ ಕಾಣುವುದಿಲ್ಲ. ವಯಸ್ಸು ಅರವತ್ತರ ಹತ್ತಿರ, ಬಲಗಣ್ಣಿನ ದೃಷ್ಟಿ ಎಂದೋ ಹೋಗಿತ್ತು. ತಾನು ಬಿದ್ದುಹೋದರೆ ಪರದೇಶದಲ್ಲಿ ಮನೆಯವರ ಪಾಡೇನು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿದೆ. ರಾಣಿ ಎಲ್ಲಕ್ಕೂ ಒಪ್ಪಿದಳು.

ತೊಡಕು ಬಂದದ್ದು ಬಿಟ್ಟು ಹೊರಡುವಲ್ಲಿ. ಫ್ರೆಡರಿಕ್ ಸುಲಭಕ್ಕೆ ಅಪ್ಪಣೆ ಕೊಡಲಿಲ್ಲ. ಆಯ್ಲರ್ ಮತ್ತೆ ಮತ್ತೆ ಅರ್ಜಿ ಬರೆದ. 1766ರಲ್ಲಿ ಕೊನೆಗೂ ಬಿಡುಗಡೆ ಸಿಕ್ಕಿತು. ಆದರೆ ಪ್ರಷ್ಯದ ಸೇನೆಯಲ್ಲಿ ಅಧಿಕಾರಿಯಾಗಿದ್ದ ಕಿರಿಯ ಮಗ ಕ್ರಿಸ್ಟೋಫ್‌ನನ್ನು ದೊರೆ ಬಿಡಲಿಲ್ಲ. ಅವನನ್ನು ಬಿಡಿಸಲು ಕ್ಯಾಥರೀನಳೇ ಮಧ್ಯೆ ಬರಬೇಕಾಯಿತು. ಹೊಸ ಧಣಿ ಎಷ್ಟೇ ಉದಾರಿಯಾದರೂ ಹಳೆಯವನ ಬಾಗಿಲಿನ ಕೀಲಿ ಅವನ ಕೈಯಲ್ಲಿರುವುದಿಲ್ಲ.

ಪೀಟರ್ಸ್‌ಬರ್ಗಿನಲ್ಲಿ ಎರಡನೆಯ ಕಣ್ಣೂ ಬೇಗನೆ ಮಂಜಾಯಿತು. 1771ರ ಬೆಂಕಿಯಲ್ಲಿ ಮನೆ ಸುಟ್ಟಿತು. ಯಾರ ಪಿಂಚಣಿಗಾಗಿ ಪಟ್ಟು ಹಿಡಿದಿದ್ದನೋ ಆ ಹೆಂಡತಿ ಕಟರೀನಾ 1773ರಲ್ಲಿ, ಅವನಿಗಿಂತ ಹತ್ತು ವರ್ಷ ಮೊದಲೇ ತೀರಿಕೊಂಡಳು. ಮಕ್ಕಳ ವಿಷಯದ ಷರತ್ತು ಮಾತ್ರ ಅವನೆಣಿಸದ ರೀತಿಯಲ್ಲಿ ಒದಗಿತು. ಆಯ್ಲರ್‌ನ ಬರಹಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಕೊನೆಯ ಹದಿನೇಳು ವರ್ಷಗಳವು. ಕುರುಡನಾದ ತಂದೆ ಬಾಯಲ್ಲಿ ಹೇಳಿದ ಲೆಕ್ಕಗಳನ್ನು ಬರೆದುಕೊಂಡವರಲ್ಲಿ ಹಿರಿಯ ಮಗ ಯೋಹಾನ್ ಆಲ್ಬ್ರೆಕ್ಟನೂ ಒಬ್ಬ. ಅದೇ ಅಕಾಡೆಮಿಯಲ್ಲಿ ಅವನಿಗೆ ಕೆಲಸವಿತ್ತು.