ಗಿಳಿಪಾಠ ಬಿಡಿ, ತಂತಿಯೊಳಗೆ ಇಣುಕಿ ನೋಡಿ

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮಲ್ಲಿ ಅನೇಕರು ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಪಿಯುಸಿಯಲ್ಲಿ ಇಂಗ್ಲಿಷಿನ ಜೊತೆ ಗುದ್ದಾಡಿ, ಸಿಇಟಿ ಬರೆದು, ಕಂಪ್ಯೂಟರ್ ಸೈನ್ಸ್ ಸೀಟು ಪಡೆದು ಬಂದವರು. ಆ ಸೀಟು ಯಾರು ಹಾಕಿದ ಭಿಕ್ಷೆಯೂ ಅಲ್ಲ, ನೀವು ದುಡಿದು ಗಳಿಸಿದ್ದು. ಹೀಗಿದ್ದೂ ‘ಕಂಪ್ಯೂಟರ್ ನೆಟ್‌ವರ್ಕ್ಸ್’ ಎಂಬ ವಿಷಯ ಬಂದ ಕೂಡಲೇ ಎಷ್ಟು ಜನ ಕೊನೆಯ ಬೆಂಚಿಗೆ ಸರಿಯುತ್ತೀರಿ? ‘ಇದು ಕಾನ್ವೆಂಟಿನವರಿಗೆ ಮಾತ್ರ ಅರ್ಥವಾಗುವ ವಿದ್ಯೆ’ ಎಂದು ನಿಮ್ಮ ಕಿವಿಯಲ್ಲಿ ಊದಿದವರು ಯಾರು?

ಒಂದು ಮಾತು ನೇರವಾಗಿ ಹೇಳುತ್ತೇನೆ. ಈ ವಿಷಯದಲ್ಲಿ ಕಷ್ಟವಾದದ್ದು ಇಂಗ್ಲಿಷ್ ಅಲ್ಲ. ಕಾನ್ವೆಂಟಿನಲ್ಲಿ ಓದಿದ ಹುಡುಗನೂ ಇದನ್ನು ಬಾಯಿಪಾಠ ಮಾಡಿಯೇ ಪಾಸಾಗುತ್ತಿದ್ದಾನೆ. ಓಎಸ್‌ಐ ಮಾದರಿಯ ಏಳು ಪದರಗಳ ಹೆಸರು ನೆನಪಿಡಲು ಯಾರೋ ಪಿಜ್ಜಾ ಬಿಸಾಡಬೇಡಿ ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಕಟ್ಟಿಟ್ಟಿದ್ದಾರೆ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗಿ ಆ ಪಿಜ್ಜಾ ವಾಕ್ಯ ಉರುಹೊಡೆದು ಹತ್ತು ಅಂಕ ತರುತ್ತಾಳೆ. ಪದರ ಯಾಕೆ ಬೇಕು ಎಂದು ಕೇಳಿ. ಅವಳಿಗೂ ಗೊತ್ತಿಲ್ಲ, ಪಕ್ಕದಲ್ಲಿ ಕೂತ ಕಾನ್ವೆಂಟಿನವನಿಗೂ ಗೊತ್ತಿಲ್ಲ. ಈ ಅಜ್ಞಾನದಲ್ಲಿ ಇಬ್ಬರೂ ಸಮಾನರು. ಮತ್ತೆ ಕೀಳರಿಮೆ ಯಾತಕ್ಕೆ?

ಅಂಚೆಯವನಿಗೆ ಗೊತ್ತಿರುವ ವಿದ್ಯೆ

ಚೆನ್ನೈನಿಂದ ಬಾಗಲಕೋಟೆಗೆ ಒಂದು ಕಾಗದ ಹೊರಟಿದೆ ಎಂದಿಟ್ಟುಕೊಳ್ಳಿ. ಪಿನ್‌ಕೋಡ್ 587101. ಚೆನ್ನೈನ ಅಂಚೆಯವನಿಗೆ ಬಾಗಲಕೋಟೆಯ ಓಣಿ ಗೊತ್ತಿರಬೇಕೆ? ಬೇಡ. ಮೊದಲ ಎರಡು ಅಂಕಿ 56ರಿಂದ 59ರೊಳಗಿದ್ದರೆ ಅದು ಕರ್ನಾಟಕದ ಚೀಲಕ್ಕೆ. ಕರ್ನಾಟಕಕ್ಕೆ ಬಂದ ಮೇಲೆ 587 ನೋಡಿ ಬಾಗಲಕೋಟೆಯ ಚೀಲಕ್ಕೆ. ಅಲ್ಲಿ ಕೊನೆಯ ಮೂರು ಅಂಕಿ ನೋಡಿ ಕಚೇರಿಗೆ. ಮನೆ ಹುಡುಕುವ ಕೆಲಸ ಕೊನೆಯ ಪೋಸ್ಟ್‌ಮ್ಯಾನ್‌ಗೆ ಮಾತ್ರ. 1972ರಿಂದ ನಮ್ಮ ದೇಶದಲ್ಲಿ ಈ ಪದ್ಧತಿ ಇದೆ.

ರೂಟರ್ ಮಾಡುವುದು ಇದನ್ನೇ. ಐಪಿ ವಿಳಾಸದ ಮುಂಭಾಗ ನೋಡಿ, ಮುಂದಿನ ಒಂದು ಹೆಜ್ಜೆ ಯಾವ ಕಡೆಗೆ ಎಂದು ತೀರ್ಮಾನಿಸುತ್ತದೆ. ಇಡೀ ದಾರಿ ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಿಮ್ಮನ್ನು ಹೆದರಿಸುವ ‘ಸಬ್‌ನೆಟ್ಟಿಂಗ್’ ಲೆಕ್ಕವೂ ಇಷ್ಟೇ. ಐಪಿ ನಾಲ್ಕನೇ ಆವೃತ್ತಿಯ ವಿಳಾಸದಲ್ಲಿ 32 ಬಿಟ್‌ಗಳು. ಪ್ರಶ್ನೆಪತ್ರಿಕೆಯಲ್ಲಿ ‘ಓರೆಗೀಟು 26’ ಎಂದು ಕೊಟ್ಟರೆ ಮೊದಲ 26 ಬಿಟ್ ಓಣಿಯ ಹೆಸರು, ಉಳಿದ 6 ಬಿಟ್ ಮನೆ ನಂಬರು. ಆರು ಬಿಟ್‌ನಲ್ಲಿ 64 ನಂಬರು. ಮೊದಲನೆಯದು ಓಣಿಗೇ ಮೀಸಲು, ಕೊನೆಯದು ಓಣಿಯವರನ್ನೆಲ್ಲ ಒಟ್ಟಿಗೆ ಕೂಗಲು ಮೀಸಲು. ಉಳಿದದ್ದು 62. ಇಷ್ಟಕ್ಕೆ ಟ್ಯೂಷನ್ ಬೇಕೆ?

ಈಗ ಕಾಗದದ ಬದಲು ಒಂದು ದಪ್ಪ ಪುಸ್ತಕ ಕಳಿಸಬೇಕು, ಅಂಚೆಯವರು ಪೋಸ್ಟ್‌ಕಾರ್ಡ್ ಮಾತ್ರ ಒಯ್ಯುತ್ತಾರೆ ಎನ್ನಿ. ಪುಸ್ತಕವನ್ನು ಕಾರ್ಡುಗಳಲ್ಲಿ ಬರೆದು, ಒಂದೊಂದಕ್ಕೂ ನಂಬರು ಹಾಕಿ ಡಬ್ಬಕ್ಕೆ ಹಾಕುತ್ತೀರಿ. ಕೆಲವು ಹಿಂದುಮುಂದಾಗಿ ತಲುಪುತ್ತವೆ, ಕೆಲವು ಕಳೆದೇ ಹೋಗುತ್ತವೆ. ‘ಏಳರವರೆಗೆ ಬಂದಿದೆ, ಎಂಟು ಬಂದಿಲ್ಲ’ ಎಂದು ಅತ್ತ ಕಡೆಯವರು ಬರೆಯುತ್ತಾರೆ. ನೀವು ಎಂಟನ್ನು ಮತ್ತೆ ಕಳಿಸುತ್ತೀರಿ. ಕಾರ್ಡು ಒಯ್ಯುವ ಕೆಲಸ ಐಪಿಯದು. ನಂಬರು ಹಾಕಿ ಲೆಕ್ಕ ಇಡುವ ಕೆಲಸ ಟಿಸಿಪಿಯದು. ನಿಜದಲ್ಲಿ ಟಿಸಿಪಿ ಕಾರ್ಡುಗಳನ್ನಲ್ಲ, ಬೈಟುಗಳನ್ನು ಎಣಿಸುತ್ತದೆ, ತತ್ವ ಮಾತ್ರ ಅದೇ. ಒಯ್ಯುವವನು ಓದುವುದಿಲ್ಲ, ಓದುವವನು ಒಯ್ಯುವುದಿಲ್ಲ. ಒಬ್ಬನ ಕೆಲಸ ಬದಲಾದರೂ ಇನ್ನೊಬ್ಬನ ಕೆಲಸ ಕೆಡುವುದಿಲ್ಲ. ಪದರಗಳು ಯಾಕೆ ಎಂಬ ಪ್ರಶ್ನೆಗೆ ಇದು ಉತ್ತರ. ಇದನ್ನು ಕನ್ನಡದಲ್ಲಿ ತಿಳಿದುಕೊಂಡವನು ಯಾವ ಭಾಷೆಯಲ್ಲಾದರೂ ಬರೆದಾನು.

1986ರ ಒಂದು ಟ್ರಾಫಿಕ್ ಜಾಮ್

ಸಿಲ್ಕ್ ಬೋರ್ಡ್ ಜಂಕ್ಷನ್ ನಿಮಗೆ ಗೊತ್ತು. ಎಲ್ಲರೂ ಒಮ್ಮೆಲೇ ನುಗ್ಗಿದರೆ ಯಾರೂ ಮುಂದೆ ಹೋಗುವುದಿಲ್ಲ. ಇಂಟರ್‌ನೆಟ್‌ಗೂ ಈ ಗತಿ ಬಂದಿತ್ತು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿಯಿತು. ಎರಡರ ನಡುವಿನ ದೂರ ಸುಮಾರು 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಕಡೆ ಬರೀ 40 ಬಿಟ್ ಸಾಗತೊಡಗಿತು. ಕಾರ್ಡು ತಲುಪಲಿಲ್ಲವೆಂದು ಎಲ್ಲರೂ ಮತ್ತೆ ಮತ್ತೆ ಕಳಿಸುತ್ತಿದ್ದರು. ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು.

ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ‘ಇದು ಯಾಕೆ ಹೀಗೆ?’ ಎಂದು ಬೆನ್ನು ಹತ್ತಿದರು. 1988ರಲ್ಲಿ ಉತ್ತರ ಪ್ರಕಟಿಸಿದರು. ಕಳಿಸುವವನು ನಿಧಾನವಾಗಿ ಶುರು ಮಾಡಲಿ, ದಾರಿ ತೆರವಿದ್ದರೆ ಹೆಚ್ಚಿಸಲಿ, ಕಾರ್ಡು ಕಳೆದುಹೋದರೆ ದಟ್ಟಣೆ ಎಂದು ತಿಳಿದು ತಾನೇ ಕಡಿಮೆ ಮಾಡಲಿ. ಕೋಲು ಹಿಡಿದ ಪೊಲೀಸರಿಲ್ಲ. ಒಬ್ಬೊಬ್ಬರೂ ತಾವೇ ಹಿಂದೆ ಸರಿದದ್ದರಿಂದ ರಸ್ತೆ ತೆರೆದುಕೊಂಡಿತು. ನಿಮ್ಮ ಪುಸ್ತಕದಲ್ಲಿ ಇದು ‘ಸ್ಲೋ ಸ್ಟಾರ್ಟ್’ ಎಂಬ ಒಂದು ಗ್ರಾಫ್ ಆಗಿ ಮಲಗಿದೆ. ನೀವು ಗ್ರಾಫ್ ಬರೆದು ಅಂಕ ತೆಗೆದುಕೊಳ್ಳುತ್ತೀರಿ. ಆ ಗೆರೆ ಮೇಲೇರಿ ಥಟ್ಟನೆ ಕೆಳಗೆ ಬೀಳುವುದು ಯಾಕೆ ಎಂದು ಎಂದಾದರೂ ಕೇಳಿದ್ದೀರಾ?

ಇದನ್ನು ಕಟ್ಟಿದವರು ವಿದ್ಯಾರ್ಥಿಗಳು

ಮಹಾಪಂಡಿತರು ಮಾತ್ರ ಇಂಥದ್ದನ್ನು ಮಾಡುತ್ತಾರೆ ಎಂಬ ಭ್ರಮೆ ಬೇಡ. ಇಂಟರ್‌ನೆಟ್ಟಿನ ಮೂಲವಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೊರಟದ್ದು 1969ರ ಅಕ್ಟೋಬರ್ 29ರಂದು, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ. ಕೀಲಿಮಣೆಯ ಮುಂದೆ ಕೂತವರು ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ. ‘ಲಾಗಿನ್’ ಎಂದು ಬರೆಯಹೊರಟರೆ ಎರಡು ಅಕ್ಷರ ಹೋಗುವಷ್ಟರಲ್ಲಿ ಅತ್ತಲಿನ ಯಂತ್ರ ನಿಂತುಹೋಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಮೊದಲ ‘ಆರ್‌ಎಫ್‌ಸಿ’ ಬರೆದಿದ್ದರು. ಆರ್‌ಎಫ್‌ಸಿ ಎಂದರೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂಬ ಕೋರಿಕೆ. ಇವತ್ತಿಗೂ ಇಂಟರ್‌ನೆಟ್ಟಿನ ನಿಯಮಗಳು ಇದೇ ಹೆಸರಿನಲ್ಲಿ ಪ್ರಕಟವಾಗುತ್ತವೆ. ಓದಲು ಒಂದು ಪೈಸೆ ಕೊಡಬೇಕಿಲ್ಲ. ಚರ್ಚೆಗೆ ಸೇರಲು ಯಾರ ಶಿಫಾರಸೂ ಬೇಕಿಲ್ಲ.

ನಮ್ಮ ನೆಲಕ್ಕೂ ಇದು ಹೊಸದಲ್ಲ. 1986ರಲ್ಲಿ ಶುರುವಾದ ‘ಅರ್ನೆಟ್’ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಿನಿಂದಲೂ ಪಾಲುದಾರ. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು ಆಮೇಲೆ, 1995ರ ಆಗಸ್ಟ್ 15ರಂದು. ಇಂದು ರೂಟರ್ ತಯಾರಿಸುವ ಜಗತ್ತಿನ ದೊಡ್ಡ ಕಂಪನಿಗಳು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುತ್ತಿವೆ. ಒಳಗೆ ಪ್ರೋಟೋಕಾಲ್ ಬರೆಯುವ ಕುರ್ಚಿಗಳೂ ಇವೆ, ಹೊರಗೆ ಕೇಬಲ್ ಎಳೆಯುವ ಕೆಲಸವೂ ಇದೆ. ಎರಡೂ ಮರ್ಯಾದೆಯ ದುಡಿಮೆಯೇ. ಆದರೆ ಗಿಳಿಪಾಠ ಒಪ್ಪಿಸಿ ಡಿಗ್ರಿ ಪಡೆದವನಿಗೆ ಆ ಕುರ್ಚಿ ಸಿಗುವುದಿಲ್ಲ. ‘ಯಾಕೆ’ ಎಂದು ಕೇಳಿದವನಿಗೆ ಸಿಗುತ್ತದೆ.

ಕನ್ನಡ ತಂತಿಯಲ್ಲಿ ಹೇಗೆ ಹರಿಯುತ್ತದೆ?

ಎರಡು ಹಳೆಯ ಕಂಪ್ಯೂಟರ್ ತನ್ನಿ, ಒಂದು ಕೇಬಲ್ ತನ್ನಿ. ಎರಡಕ್ಕೂ ಲಿನಕ್ಸ್ ಹಾಕಿ, ಪುಕ್ಕಟೆ ಸಿಗುತ್ತದೆ. ವೈರ್‌ಶಾರ್ಕ್ ಎಂಬ ತಂತ್ರಾಂಶವೂ ಪುಕ್ಕಟೆ. ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು ಬರೆದು ‘ಕನ್ನಡ’ ಎಂಬ ಒಂದೇ ಪದವನ್ನು ಅತ್ತ ಕಳಿಸಿ, ವೈರ್‌ಶಾರ್ಕ್‌ನಲ್ಲಿ ಹಿಡಿದು ನೋಡಿ. ಹದಿನೈದು ಬೈಟು ಕಾಣುತ್ತವೆ. ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ: ಐದು ಸಂಕೇತ, ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟು. ಮೊದಲ ಮೂರು 224, 178, 149. ಅದು ‘ಕ’. ವೈರ್‌ಶಾರ್ಕ್ ಇವನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, ಬದಲಿಸಿಕೊಳ್ಳುವ ಲೆಕ್ಕ ನಿಮ್ಮದು. ನಮ್ಮ ಅಕ್ಷರ ತಂತಿಯಲ್ಲಿ ಹರಿಯುವುದನ್ನು ಒಮ್ಮೆ ಕಣ್ಣಾರೆ ಕಂಡವನು ಈ ವಿಷಯವನ್ನು ಮರೆಯುವುದಿಲ್ಲ.

ಇನ್ನೂ ಮುಂದೆ ಹೋಗಿ. ಜಾಲತಾಣದ ಹೆಸರನ್ನು ಇಂದು ಕನ್ನಡ ಲಿಪಿಯಲ್ಲೂ ಇಡಬಹುದು. ‘.ಭಾರತ’ ಎಂಬ ಕೊನೆ ನಮ್ಮ ಲಿಪಿಯಲ್ಲೇ ಇದೆ. ಆದರೆ ಹೆಸರು ಹುಡುಕುವ ಡಿಎನ್‌ಎಸ್ ವ್ಯವಸ್ಥೆ ರೂಪುಗೊಂಡದ್ದು ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ. ಹಾಗಾಗಿ ಕನ್ನಡ ಹೆಸರನ್ನು ‘ಪ್ಯೂನಿಕೋಡ್’ ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬದಲಿಸಿ ಕಳಿಸಲಾಗುತ್ತದೆ. ಈ ನಿಯಮ ಬಂದದ್ದು 2003ರಲ್ಲಿ. ಕನ್ನಡದ ಕೆಲವು ಅಕ್ಷರಗಳು ತೆಲುಗಿನವನ್ನು ಬಹುಪಾಲು ಹೋಲುತ್ತವೆ. ಆ ಹೋಲಿಕೆಯನ್ನು ಬಳಸಿ ಯಾರೋ ನಕಲಿ ಹೆಸರು ನೋಂದಾಯಿಸಿ ನಮ್ಮ ಜನರನ್ನು ವಂಚಿಸಿದರೆ? ಯಾವ ಅಕ್ಷರ ಯಾವುದರಂತೆ ಕಾಣುತ್ತದೆ ಎಂದು ನಿಯಮ ಬರೆಯುವ ಕಡೆ ಕನ್ನಡವೂ ಗೊತ್ತಿರುವ, ಡಿಎನ್‌ಎಸ್ಸೂ ಗೊತ್ತಿರುವ ಮನುಷ್ಯ ಬೇಕು. ಅಂಥವನು ಆಕಾಶದಿಂದ ಇಳಿದು ಬರುತ್ತಾನೆಯೆ? ನಿಮ್ಮೊಳಗಿಂದಲೇ ಬರಬೇಕು.

ಮಾಡಬೇಕಾದದ್ದು

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ದಾರಿ ತೆರೆಯಿತು. ಒಳ್ಳೆಯದೇ. ಆದರೆ ಅನುಮತಿ ಪತ್ರ ಪಾಠ ಮಾಡುವುದಿಲ್ಲ. ಪುಸ್ತಕ ಬೇಕು, ಮೇಷ್ಟ್ರು ಬೇಕು. ಅದಕ್ಕಾಗಿ ಕೇಳೋಣ, ಜಗಳವಾಡಿಯೇ ಕೇಳೋಣ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ.

ನಾಲ್ಕು ಜನ ಸೇರಿ. ಕುರೋಸ್ ಮತ್ತು ರಾಸ್ ಬರೆದ ಪುಸ್ತಕ ಲೈಬ್ರರಿಯಿಂದ ತನ್ನಿ. ಅದು ನಿಮಗೆ ಗೊತ್ತಿರುವ ವೆಬ್ಬು, ಈಮೇಲಿನಿಂದ ಶುರುವಾಗಿ ಕೆಳಗೆ ತಂತಿಯವರೆಗೆ ಇಳಿಯುತ್ತದೆ. ಟನೆನ್‌ಬಾಮ್ ಅವರ ಪುಸ್ತಕ ತಂತಿಯಿಂದ ಮೇಲಕ್ಕೆ ಹತ್ತುತ್ತದೆ, ಅದನ್ನು ಎರಡನೆಯದಾಗಿ ಓದಿ. ವಾರಕ್ಕೊಂದು ಅಧ್ಯಾಯ ಒಬ್ಬರು ಓದಿ ಉಳಿದ ಮೂವರಿಗೆ ಕನ್ನಡದಲ್ಲಿ ಹೇಳಲಿ. ಪ್ಯಾಕೆಟ್, ರೂಟರ್, ಪೋರ್ಟ್ ಹಾಗೇ ಇರಲಿ. ಬಸ್ಸು, ರೈಲನ್ನು ಅರಗಿಸಿಕೊಂಡ ಭಾಷೆಗೆ ಅವು ಭಾರವಲ್ಲ. ವಿಚಾರ ನಮ್ಮ ಮಾತಿನಲ್ಲಿ ಓಡಬೇಕು, ಅಷ್ಟೆ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ತಿಳಿದದ್ದನ್ನು ಬರೆಯಲು ಸಣ್ಣ ಸಣ್ಣ ವಾಕ್ಯ ಸಾಕು. ಪ್ರತಿ ವಾರ ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. ಮುಂದಿನ ವರ್ಷ ಹಳ್ಳಿಯಿಂದ ಬರುವ ತಂಗಿಗೋ ತಮ್ಮನಿಗೋ ಆ ನೋಟ್‌ಬುಕ್ ಕೊಡಿ. ಇಲ್ಲದ ಪುಸ್ತಕ ಹುಟ್ಟುವುದು ಹೀಗೆಯೇ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ. ಆ ಹದಿನೈದು ಬೈಟು ಮೊದಲು ಹಿಡಿಯುವವರು ಯಾರು, ನೋಡೋಣ.