ಎರಡೂ ಕಡೆ ನಿಂತವರು: ಅಮೆರಿಕದ ಕಾಲೇಜು ಫುಟ್‌ಬಾಲಿನ ಇಮ್ಮುಖ ಆಟಗಾರರು



ಕಬಡ್ಡಿಯಲ್ಲಿ ರೈಡಿಗೆ ಹೋಗಿ ಬಂದವನೇ ಮರುಗಳಿಗೆ ಎದುರಾಳಿಯನ್ನು ಹಿಡಿಯಲು ನಿಲ್ಲುತ್ತಾನೆ. ನಮಗದು ಸಹಜ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಹಾಗಿಲ್ಲ. ಚೆಂಡು ಎದುರಾಳಿಯ ಪಾಲಾದೊಡನೆ ದಾಳಿಯ ಹನ್ನೊಂದು ಜನ ಹೊರಗೆ ಹೋಗುತ್ತಾರೆ, ರಕ್ಷಣೆಯ ಹನ್ನೊಂದು ಜನ ಒಳಗೆ ಬರುತ್ತಾರೆ. ಆ ಅದಲುಬದಲಿನ ನಡುವೆ ಹೊರಗೆ ಹೋಗದೆ ಅಂಗಳದಲ್ಲೇ ಉಳಿದ ಕೆಲವರಿದ್ದಾರೆ. ಅವರನ್ನು ಒಬ್ಬರೊಡನೊಬ್ಬರು ಹೇಗೆ ತೂಗಬೇಕು ಎಂಬುದು ನನ್ನ ಇಂದಿನ ವಿಷಯ. ಅಂಕಿಗಳನ್ನು ಪಕ್ಕಪಕ್ಕ ಬರೆದು ಕೂಡಿದರೆ ಉತ್ತರ ಸಿಗದು. ಆ ಆಟಗಾರನ ಮುಂದೆ ಆಯ್ಕೆ ಇತ್ತೇ ಎಂದು ಮೊದಲು ಕೇಳಬೇಕು.

1939ರಲ್ಲಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ಅಯೋವಾದ ನೈಲ್ ಕಿನ್ನಿಕ್‌ಗೆ ಇರಲಿಲ್ಲ. ಆ ವರ್ಷ ನೋಟರ್ ಡೇಮ್ ವಿರುದ್ಧ ಅಯೋವಾ 7–6ರಿಂದ ಗೆದ್ದಾಗ ಏಳೂ ಅಂಕ ಅವನದೇ, ರಕ್ಷಣೆಯಲ್ಲಿ ನಿಂತವನೂ ಅವನೇ. ಆದರೆ ಬದಲಿ ಆಟಗಾರರ ನಿಯಮ ಬಿಗಿಯಾಗಿದ್ದ ಆ ಕಾಲದಲ್ಲಿ ಎಲ್ಲರೂ ಎರಡೂ ಕಡೆ ಆಡುತ್ತಿದ್ದರು. 1941ರಲ್ಲಿ ನಿಯಮ ಸಡಿಲವಾಯಿತು. 1945ರಲ್ಲಿ ಮಿಷಿಗನ್ನಿನ ಕೋಚ್ ಫ್ರಿಟ್ಜ್ ಕ್ರಿಸ್ಲರ್ ಬಲಾಢ್ಯ ಆರ್ಮಿ ತಂಡದೆದುರು ದಾಳಿಗೊಂದು, ರಕ್ಷಣೆಗೊಂದು ಪಡೆ ಕಟ್ಟಿದರು. ಪಂದ್ಯ ಸೋತರೂ ಉಪಾಯ ಉಳಿಯಿತು. ಖರ್ಚು ಹೆಚ್ಚಿತೆಂದು 1953ರಲ್ಲಿ ಹಳೆಯ ಪದ್ಧತಿಗೆ ಮರಳಿದರು. 1965ರ ಹೊತ್ತಿಗೆ ಆ ತಡೆಯೂ ಹೋಯಿತು. ಅಲ್ಲಿಂದೀಚೆಗೆ ಎರಡೂ ಕಡೆ ಆಡುವುದು ಯಾರೂ ಹೇರದ ಹೊರೆ. ಹಾಗಾಗಿ ಕಿನ್ನಿಕ್‌ನನ್ನು ಇಂದಿನವರ ಪಕ್ಕ ನಿಲ್ಲಿಸಲು ನನಗೆ ಮನಸ್ಸಿಲ್ಲ. ಅವನ ಸಾಲು ಬೇರೆ.

ಹೊಸ ಕಾಲದವರಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಮಿಷಿಗನ್ನಿನ ಚಾರ್ಲ್ಸ್ ವುಡ್ಸನ್. 1997ರಲ್ಲಿ ಪೇಟನ್ ಮ್ಯಾನಿಂಗ್‌ನನ್ನು ಹಿಂದಿಕ್ಕಿ ಹೈಸ್‌ಮನ್ ಗೆದ್ದವನು. ಎದುರಾಳಿಯ ರಿಸೀವರ್‌ನನ್ನು, ಅಂದರೆ ಪಾಸು ಹಿಡಿಯುವವನನ್ನು, ಕಾಯುವ ಕಾರ್ನರ್‌ಬ್ಯಾಕ್ ಆಗಿ ಎಂಟು ಪಾಸುಗಳನ್ನು ಕಸಿದ. ದಾಳಿಯಲ್ಲಿ ಹಿಡಿದ ಪಾಸುಗಳು ಮಾತ್ರ ಹನ್ನೊಂದೇ. ಮರುವರ್ಷ ಜಾರ್ಜಿಯಾದ ಚಾಂಪ್ ಬೇಲಿ 47 ಪಾಸು ಹಿಡಿದು 744 ಗಜ ಗಳಿಸಿದ, ಮೂರನ್ನು ಕಸಿದ. ಹೈಸ್‌ಮನ್ ಅವನಿಗೆ ಬರಲಿಲ್ಲ. 2024ರಲ್ಲಿ ಕೊಲರಾಡೊದ ಟ್ರಾವಿಸ್ ಹಂಟರ್ ಹಿಡಿದದ್ದು 96 ಪಾಸು, 1,258 ಗಜ, 15 ಟಚ್‌ಡೌನ್, ಕಸಿದದ್ದು ನಾಲ್ಕು.

ಎಂಟು ಮತ್ತು ನಾಲ್ಕು ಎಂಬ ಅಂಕಿ ನೋಡಿ ವುಡ್ಸನ್ ಎರಡು ಪಟ್ಟು ಉತ್ತಮ ರಕ್ಷಕ ಎಂದು ತೀರ್ಮಾನಿಸುವವರಿದ್ದಾರೆ. ಇದು ಸರಿಯಲ್ಲ. ರಿಸೀವರ್ ಚೆನ್ನಾಗಿ ಆಡಿದಷ್ಟೂ ಅವನ ಲೆಕ್ಕ ಬೆಳೆಯುತ್ತದೆ, ಏಕೆಂದರೆ ಪಾಸು ಎಸೆಯುವ ಕ್ವಾರ್ಟರ್‌ಬ್ಯಾಕ್ ಅವನನ್ನೇ ಹುಡುಕಿ ಎಸೆಯುತ್ತಾನೆ. ಕಾರ್ನರ್‌ಬ್ಯಾಕ್ ಚೆನ್ನಾಗಿ ಆಡಿದರೆ ಎದುರಾಳಿ ಅವನಿರುವ ಕಡೆಗೆ ಚೆಂಡನ್ನೇ ಎಸೆಯುವುದಿಲ್ಲ; ಲೆಕ್ಕ ಕುಗ್ಗುತ್ತದೆ. ಒಬ್ಬನೇ ಮನುಷ್ಯನ ಎರಡು ಕೆಲಸಗಳಲ್ಲಿ ಒಂದರ ಅಂಕಿ ಪ್ರತಿಭೆಯನ್ನು ತೋರಿಸಿದರೆ ಇನ್ನೊಂದರದು ಮುಚ್ಚಿಡುತ್ತದೆ. ಇಂಥವರನ್ನು ಅಳೆಯಲು ಅವರು ಅಂಗಳದಲ್ಲಿ ನಿಂತ ಸ್ನ್ಯಾಪುಗಳ, ಅಂದರೆ ಚೆಂಡು ಚಲನೆಗೆ ಬಂದ ಸರದಿಗಳ, ಸಂಖ್ಯೆಯೇ ಹೆಚ್ಚು ನಂಬಿಕೆಗೆ ಅರ್ಹ ಎಂದು ನಾನು ಭಾವಿಸುತ್ತೇನೆ. ಬೇಲಿ ಆ ಋತುವಿನಲ್ಲಿ ಸಾವಿರ ದಾಟಿದ್ದ. ಹಂಟರ್ 1,400ನ್ನೂ ಮೀರಿದ, ಅದೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ.

ಈ ಶ್ರಮ ಎಂಥದ್ದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ರಿಸೀವರ್‌ಗೆ ತಾನು ಎಲ್ಲಿ ತಿರುಗುತ್ತೇನೆಂದು ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್ ಹಿಮ್ಮುಖವಾಗಿ ಓಡುತ್ತಾ ಎದುರಿನವನ ಸೊಂಟ ನೋಡಿ ಊಹಿಸಬೇಕು. ಉಳಿದವರು ಅಂಗಳದಂಚಿನ ಬೆಂಚಿನಲ್ಲಿ ಕೂತು, ನೀರು ಕುಡಿದು, ಆಗಿದ್ದೇನೆಂದು ಕೋಚ್ ಜೊತೆ ವಿಚಾರಿಸುವ ಹೊತ್ತಿನಲ್ಲಿ ಇವನು ಇನ್ನೊಂದು ಕೆಲಸಕ್ಕೆ ನಿಂತಿರುತ್ತಾನೆ. ಕೊಲರಾಡೊದ ತವರು ಬೋಲ್ಡರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ಅಲ್ಲಿ ಉಸಿರೂ ಬೇಗ ಸಾಲದಾಗುತ್ತದೆ. ಅಲ್ಲೇ 2024ರ ಸೆಪ್ಟೆಂಬರಿನಲ್ಲಿ ಬೇಲರ್ ವಿರುದ್ಧದ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಕೊನೆಯಲ್ಲಿ ಗೋಲು ಗೆರೆಯ ಬಳಿ ನುಗ್ಗಿದವನ ಕೈಯಿಂದ ಚೆಂಡು ಉದುರಿಸಿ ಗೆಲುವು ತಂದವನು ಹಂಟರ್. ಯಾವ ಪಟ್ಟಿಗಿಂತಲೂ ಆ ಒಂದು ಹೊಡೆತ ನನಗೆ ದೊಡ್ಡದು. ಹಿಂದಿನ ವರ್ಷ ಯಕೃತ್ತಿಗೆ ಗಾಯವಾಗಿ ಮೂರು ಪಂದ್ಯ ಕೂತಿದ್ದ ಹುಡುಗ ಅವನು. ಹೈಸ್‌ಮನ್ ಜೊತೆಗೆ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್, ಅತ್ಯುತ್ತಮ ರಕ್ಷಕನಿಗೆ ಕೊಡುವ ಬೆಡ್ನಾರಿಕ್ ಎರಡನ್ನೂ ಪಡೆದ. ಈ ಕೊನೆಯ ಪ್ರಶಸ್ತಿಗೆ ಹೆಸರು ಕೊಟ್ಟ ಚಕ್ ಬೆಡ್ನಾರಿಕ್ ಕೂಡ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎರಡೂ ಕಡೆ ಆಡಿದವನೇ.

ಇನ್ನೊಬ್ಬನನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು: ವುಸ್ಟರ್ ಊರಿನ ಹೋಲಿ ಕ್ರಾಸ್ ಎಂಬ ಸಣ್ಣ ಕಾಲೇಜಿನ ಗಾರ್ಡಿ ಲಾಕ್‌ಬಾಮ್. ದಾಳಿಯಲ್ಲಿ ಓಡುತ್ತಿದ್ದ, ಪಾಸು ಹಿಡಿಯುತ್ತಿದ್ದ, ರಕ್ಷಣೆಯಲ್ಲಿ ಹಿಂದೆ ನಿಲ್ಲುತ್ತಿದ್ದ. ದೊಡ್ಡ ಕಾಲೇಜುಗಳವರೇ ತುಂಬಿದ ಹೈಸ್‌ಮನ್ ಮತದಾನದಲ್ಲಿ 1986ರಲ್ಲಿ ಐದನೆಯವನಾದ, 1987ರಲ್ಲಿ ಮೂರನೆಯವನಾದ. ಎದುರಾಳಿಗಳು ದುರ್ಬಲರೆಂಬ ಆಕ್ಷೇಪ ನಿಜ. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗಲೂ ಅವನ ಹೆಸರು ಬಂದದ್ದು ಒಂಬತ್ತನೇ ಸುತ್ತಿನಲ್ಲಷ್ಟೇ, ಹಂಟರ್‌ನನ್ನು 2025ರಲ್ಲಿ ಎಲ್ಲರಲ್ಲಿ ಎರಡನೆಯವನಾಗಿ ಆರಿಸಿದಂತೆ ಅಲ್ಲ. ಆದರೆ ಯಾರೂ ಕೇಳದಿದ್ದ ಕಾಲದಲ್ಲಿ ಎರಡೂ ಹೊಣೆಯನ್ನು ಪೂರ್ತಿ ಹೊತ್ತವನು ಅವನು. ಇಮ್ಮುಖ ಆಟಗಾರರೆಂಬ ಒಂದೇ ಅಳತೆಯಲ್ಲಿ ನನ್ನ ಸಾಲು ಹೀಗಿದೆ: ಹಂಟರ್, ಅನಂತರ ಲಾಕ್‌ಬಾಮ್, ಬೇಲಿ, ಕೊನೆಗೆ ವುಡ್ಸನ್. ಕಾಲೇಜಿನ ದಿನಗಳ ರಕ್ಷಣೆಯೊಂದನ್ನೇ ನೋಡಿದರೆ ಮಾತ್ರ ವುಡ್ಸನ್‌ನನ್ನು ಮೊದಲಿಗೆ ತರುತ್ತೇನೆ.