ಅವಸರದ ಪೆಟ್ರೋಲಿಗೆ ಹಣ ಯಾರದು?

(ಗೋರ್ವಾದಲ್ಲಿ ಸಂಘದ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಶಟರು ಎಳೆದು, ಊಟವನ್ನೂ ಅರ್ಧಕ್ಕೆ ಮುಗಿಸಿ ಬಂದಿದ್ದೀರಿ. ನಿಮ್ಮನ್ನು ಹೆಚ್ಚು ಹೊತ್ತು ಕೂರಿಸುವುದಿಲ್ಲ. ಕಾರ್ಯದರ್ಶಿಗಳು ನಮಗೆ ಕೊಟ್ಟ ವಿಷಯ 'ಕಾರ್ಮಿಕನ ಖರ್ಚು ವೆಚ್ಚ'. ಅದನ್ನು ನಾವು ಒಂದು ಕಾರಿನಿಂದ ಆರಂಭಿಸುತ್ತೇವೆ.

ಕಳೆದ ತಿಂಗಳು ಒಂದು ಭಾನುವಾರ ಇಲ್ಲಿಯ ಹೋಟೆಲೊಂದರ ಮುಂದೆ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಬಂದು ನಿಂತಿತು. ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಇಬ್ಬರಿಗಷ್ಟೇ ಜಾಗ. ಟೇಬಲ್ ಒರೆಸುವ ಹುಡುಗರು ಬಟ್ಟೆ ಹೆಗಲ ಮೇಲಿದ್ದಂತೆಯೇ ಓಡಿ ಬಂದರು. ದೋಸೆ ಭಟ್ಟರೂ ಬಂದರು. ಕಾವಲಿಯ ಮೇಲಿದ್ದ ಎರಡು ದೋಸೆ ಕರಕಲಾದವು, ಅದು ಬೇರೆ ಮಾತು. ನಮ್ಮ ಪಾರ್ಸಲ್ ಹುಡುಗನೊಬ್ಬ, ಕುಂದಾಪುರದ ಕಡೆಯವನು, ಧೈರ್ಯ ಮಾಡಿ ಕೇಳಿಯೇ ಬಿಟ್ಟ: "ಸಾಹೇಬ್, ಎವರೇಜ್ ಕೇಟ್ಲೀ ಆಪೇ ಛೇ?" ಸುತ್ತ ನಿಂತವರೆಲ್ಲ ನಕ್ಕರು. ಇಂಥ ಕಾರು ಕೊಳ್ಳುವವನು ಪೆಟ್ರೋಲಿನ ಲೆಕ್ಕ ನೋಡುತ್ತಾನೆಯೇ ಎಂದು. ಕಾರಿನ ಯಜಮಾನರು ಮಾತ್ರ ನಗಲಿಲ್ಲ. "ಊರೊಳಗೆ ಆರು, ಹೆದ್ದಾರಿಯಲ್ಲಿ ಹತ್ತು, ಜೋರಾಗಿ ಬಿಟ್ಟರೆ ಕೇಳಬೇಡ" ಎಂದರು.

ಆ ಹುಡುಗನ ಪ್ರಶ್ನೆ ನಗುವಂಥದಲ್ಲ ಎಂಬುದೇ ನಮ್ಮ ಮಾತು. ಪೆಟ್ರೋಲು ಗೋರ್ವಾದವರಿಗೆ ದೂರದ ವಸ್ತುವೂ ಅಲ್ಲ. ೧೯೬೦ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. ಸೋವಿಯತ್ ರಷ್ಯದ ಸಹಾಯದಿಂದ ಇಲ್ಲಿಗೆ ಹತ್ತಿರದ ಕೊಯಲಿಯಲ್ಲಿ ಕಟ್ಟಿದ ರಿಫೈನರಿ ೧೯೬೫ರಲ್ಲಿ ಕೆಲಸ ಆರಂಭಿಸಿತು. ೨೦೨೪ರ ನವೆಂಬರ್ ೧೧ರಂದು ಅದೇ ರಿಫೈನರಿಯಲ್ಲಿ ಬೆಂಕಿ ಬಿದ್ದು ಇಬ್ಬರು ಕಾರ್ಮಿಕರು ಪ್ರಾಣ ಬಿಟ್ಟರು. ಆ ಹೊಗೆಯನ್ನು ನೋಡಿದವರು ಈ ಸಭೆಯಲ್ಲಿಯೇ ಇದ್ದೀರಿ. ಒಂದು ಲೀಟರಿನ ಹಿಂದೆ ಇಷ್ಟೆಲ್ಲ ಇರುವಾಗ, ಅದು ಎಲ್ಲಿ ಹೋಗುತ್ತದೆಂದು ಕೇಳುವುದು ಜಿಪುಣತನವಾಗದು.

ಹಾಗಾದರೆ ಎಲ್ಲಿ ಹೋಗುತ್ತದೆ? ಪೆಟ್ರೋಲು ಉರಿದಾಗ ಬರುವ ಶಾಖದಲ್ಲಿ ಮೂರರಲ್ಲಿ ಒಂದು ಪಾಲು ಚಕ್ರಕ್ಕೆ ಮುಟ್ಟಿದರೆ ಅದೇ ಹೆಚ್ಚು. ಮಿಕ್ಕದ್ದು ರೇಡಿಯೇಟರಿನಲ್ಲಿ, ಹೊಗೆಯಲ್ಲಿ ಹೋಗುತ್ತದೆ. ಚಕ್ರಕ್ಕೆ ಮುಟ್ಟಿದ್ದರಲ್ಲಿಯೂ ಗಾಳಿಯನ್ನು ಸೀಳುವುದಕ್ಕೆ ಒಂದಿಷ್ಟು, ಟೈರು ಉರುಳುವುದಕ್ಕೆ ಒಂದಿಷ್ಟು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಇನ್ನು ಬ್ರೇಕು: ಪೆಟ್ರೋಲು ಸುಟ್ಟು ಗಳಿಸಿದ ವೇಗವನ್ನು ಬ್ರೇಕು ಒತ್ತಿದೊಡನೆ ಬಿಸಿ ಮಾಡಿ ಗಾಳಿಗೆ ಬಿಟ್ಟಂತೆ. ಸಿಗ್ನಲ್ ಬಿಟ್ಟ ಕೂಡಲೆ ಹಾರಿ, ಮುಂದಿನ ಸಿಗ್ನಲಿನಲ್ಲಿ ಗಕ್ಕನೆ ನಿಲ್ಲುವವನು ರಸ್ತೆಯುದ್ದಕ್ಕೂ ಈ ವ್ಯಾಪಾರವನ್ನೇ ಮಾಡುತ್ತಾನೆ.

ದೊಡ್ಡ ಇಂಜಿನ್ನಿಗೆ ಇನ್ನೊಂದು ಕಾಯಿಲೆಯಿದೆ. ಅದು ಹಗುರ ಕೆಲಸಕ್ಕೆ ಒಗ್ಗುವುದಿಲ್ಲ. ಒಂದು ಲೋಟ ಕಾಫಿಗೆ ಮದುವೆಮನೆಯ ಒಲೆ ಹೊತ್ತಿಸಿದರೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮಿಲ್ಲಿನವರೂ ಬಲ್ಲಿರಿ, ಹಳೆಯ ಕಾಲದ ಶೆಡ್ಡಿನಲ್ಲಿ ಅರ್ಧ ಮಗ್ಗ ನಿಂತಿದ್ದರೂ ಮೇಲಿನ ಶಾಫ್ಟು ತಿರುಗುತ್ತಲೇ ಇರುತ್ತಿತ್ತು. ಊರೊಳಗಿನ ಸ್ಪೋರ್ಟ್ಸ್ ಕಾರು ಹಾಗೆಯೇ.

ಇದರ ತುತ್ತತುದಿಯನ್ನು ನೋಡಬೇಕಾದರೆ ಫ್ರಾನ್ಸಿನಲ್ಲಿ ತಯಾರಾದ ಬುಗಾಟಿ ವೇಯ್ರನ್ ಎಂಬ ಕಾರನ್ನು ನೋಡಬೇಕು. ೨೦೦೫ರಲ್ಲಿ ಹೊರಬಂದದ್ದು. ಎಂಟು ಲೀಟರ್ ಇಂಜಿನ್, ಹದಿನಾರು ಸಿಲಿಂಡರ್, ೧೦೦೧ ಅಶ್ವಶಕ್ತಿ, ಬಿಸಿ ಹೊರಹಾಕಲು ಹತ್ತು ರೇಡಿಯೇಟರ್! ಅಮೆರಿಕದ ಸರಕಾರಿ ಪರೀಕ್ಷೆಯ ಪ್ರಕಾರ ಸಾಧಾರಣ ಓಡಾಟದಲ್ಲಿ ಅದು ಲೀಟರಿಗೆ ಸುಮಾರು ನಾಲ್ಕು ಕಿಲೋಮೀಟರ್ ಕೊಡುತ್ತದೆ. ಅದೇ ಕಾರನ್ನು ಗಂಟೆಗೆ ೪೦೦ ಕಿಲೋಮೀಟರ್ ವೇಗದಲ್ಲಿ ಬಿಟ್ಟರೆ ೧೦೦ ಲೀಟರಿನ ಟ್ಯಾಂಕು ಸುಮಾರು ಹನ್ನೆರಡು ನಿಮಿಷಕ್ಕೆ ಬರಿದಾಗುತ್ತದೆ. ಹನ್ನೆರಡು ನಿಮಿಷಕ್ಕೆ ೮೦ ಕಿಲೋಮೀಟರ್ ಎಂದಾಯಿತು. ಲೀಟರಿಗೆ ಒಂದು ಕಿಲೋಮೀಟರೂ ಬರಲಿಲ್ಲ. ಕಾರು ಅದೇ, ಪೆಟ್ರೋಲು ಅದೇ. ಬದಲಾದದ್ದು ಅವಸರ ಒಂದೇ.

ನಮ್ಮ ಊರಿನಲ್ಲಿ ಮೈಲೇಜ್ ಎನ್ನುವುದನ್ನು ಗುಜರಾತಿಗಳು ಎವರೇಜ್ ಎನ್ನುತ್ತಾರೆ. ಈ ಮಾತೇ ಹೆಚ್ಚು ಸರಿ ಎಂದು ನಮಗೆ ತೋರುತ್ತದೆ. ಅದು ಗಾಡಿಗೆ ಹುಟ್ಟಿನಿಂದ ಬಂದ ಗುಣವಲ್ಲ, ಓಡಿಸಿದ ರೀತಿಯ ಸರಾಸರಿ. ಕಂಪನಿಯವರು ಕಾಗದದಲ್ಲಿ ಅಚ್ಚು ಹಾಕುವ ಅಂಕಿಯು ಪರೀಕ್ಷಾಲಯದಲ್ಲಿ, ಉರುಳೆಗಳ ಮೇಲೆ, ನಿಗದಿಯಾದ ವೇಗದ ಪಟ್ಟಿಯಂತೆ ಗಾಡಿ ಓಡಿಸಿ ತೆಗೆದದ್ದು. ಆ ಉರುಳೆಯ ಮೇಲೆ ಹಸು ಅಡ್ಡ ಬರುವುದಿಲ್ಲ, ಗಿರಾಕಿ ಫೋನು ಮಾಡುವುದಿಲ್ಲ. ಸಾಲದುದಕ್ಕೆ ೨೦೨೫ರಿಂದ ದೇಶದ ಪಂಪುಗಳಲ್ಲಿ ಬಹುಮಟ್ಟಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. ಅದು ನಮ್ಮ ಮಂಡ್ಯ, ಬೆಳಗಾವಿಯಂಥ ಕಡೆಯ ಕಬ್ಬಿನಿಂದಲೂ ಬರುತ್ತದೆ. ಬೆಳೆಗಾರನಿಗೆ ನಾಲ್ಕು ಕಾಸು ಸಿಕ್ಕರೆ ನಮಗೆ ಸಂತೋಷವೇ. ಆದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಶಾಖ ಕಡಿಮೆ. ಬೆರಕೆಯ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಕಡಿಮೆ ಎಂದಾಯಿತು. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಈಗ ಕಾರನ್ನು ಬಿಟ್ಟು, ಪ್ರಶ್ನೆ ಕೇಳಿದ ಹುಡುಗನ ಕಡೆ ಬರೋಣ. ಅವನ ಬೈಕು ಸ್ಪೋರ್ಟ್ಸ್ ಅಲ್ಲ, ಚಿಕ್ಕದು, ಎರಡನೆಯ ಕೈಯದು. ಅವನ ಹೋಟೆಲಿನಲ್ಲಿ ಅರ್ಧ ಗಂಟೆಯೊಳಗೆ ಪಾರ್ಸಲ್ ಎಂದು ಬೋರ್ಡು ಹಾಕಿದ್ದಾರೆ. ಅಡಿಗೆಮನೆಯಿಂದ ಪೊಟ್ಟಣ ಹೊರಬರುವಷ್ಟರಲ್ಲಿ ಹದಿನೆಂಟು ಇಪ್ಪತ್ತು ನಿಮಿಷ ಹೋಗಿರುತ್ತದೆ. ಉಳಿದ ಹತ್ತು ನಿಮಿಷವೇ ಅವನದು. ಪೆಟ್ರೋಲಿಗೆ ಹೋಟೆಲು ಕೊಡುವುದು ಲೀಟರಿಗೆ ೬೦ ಕಿಲೋಮೀಟರ್ ಲೆಕ್ಕದಲ್ಲಿ; ಅದೂ ಹೋದ ದಾರಿಗೆ ಮಾತ್ರ, ಬಂದ ದಾರಿಗೆ ಇಲ್ಲ. ಖಾಲಿ ಚೀಲ ಹೊತ್ತು ಬರುವಾಗ ಗಾಡಿ ನೀರಿನಲ್ಲಿ ಓಡುತ್ತದೆಂದು ಭಾವಿಸಿರಬೇಕು.

ನಾವು ಅವನಿಂದ ಒಂದು ವಾರ ಬರೆಸಿದೆವು. ಸೋಮವಾರ ಟ್ಯಾಂಕು ತುಂಬ ಹಾಕಿಸಿ, ಮೀಟರಿನ ಅಂಕಿ ಗುರುತು ಮಾಡಿಕೊಂಡ. ಭಾನುವಾರ ಅದೇ ಪಂಪಿನಲ್ಲಿ ಪುನಃ ತುಂಬಿಸಿದ. ಒಟ್ಟು ಓಡಿದ್ದು ೩೧೫ ಕಿಲೋಮೀಟರ್, ಹಿಡಿದ ಪೆಟ್ರೋಲು ಏಳೂವರೆ ಲೀಟರ್. ಎವರೇಜ್ ೪೨ ಬಂತು. ಅವನು ಮಲಗುವುದು ಹೋಟೆಲಿನ ಮಾಳಿಗೆಯಲ್ಲಿಯೇ, ಆದುದರಿಂದ ಸ್ವಂತ ತಿರುಗಾಟವೆಂಬ ಆಕ್ಷೇಪಣೆಗೆ ಎಡೆಯಿಲ್ಲ. ಹೋಟೆಲಿನ ಲೆಕ್ಕದಲ್ಲಿ ಅವನಿಗೆ ಸಿಕ್ಕಿದ್ದು ಎರಡೂವರೆ ಲೀಟರಿಗೆ ತುಸು ಮೇಲೆ. ಐದು ಲೀಟರಿಗೆ ಹತ್ತಿರ ಹತ್ತಿರ ಅವನ ಜೇಬಿನಿಂದ ಹೋಯಿತು. ಒಂದೇ ವಾರದಲ್ಲಿ! ತಿಂಗಳಿಗೆ ಕೂಡಿಸಿದರೆ ಊರಿಗೆ ಹೋಗುವ ರೈಲಿನ ಟಿಕೇಟು.

ಕೆಂಪು ಕಾರಿನವರು ತಮ್ಮ ಅವಸರಕ್ಕೆ ತಾವೇ ಹಣ ತೆರುತ್ತಾರೆ. ಅದು ಅವರ ಇಷ್ಟ, ನಮಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಈ ಹುಡುಗ ತೆರುವುದು ಬೋರ್ಡು ಹಾಕಿದವರ ಅವಸರಕ್ಕೆ. ಮೆಲ್ಲಗೆ ಓಡಿಸು ತಮ್ಮಾ, ಎವರೇಜ್ ಬರುತ್ತದೆ ಎಂದು ಬುದ್ಧಿ ಹೇಳುವುದು ಸುಲಭ. ನಾವೂ ಹೇಳಿದ್ದೆವು. "ಅಣ್ಣಾ, ಮೆಲ್ಲಗೆ ಹೋದರೆ ಪೆಟ್ರೋಲು ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ" ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕಂತಿನ ಮೇಲೆ ಸ್ಪೋರ್ಟ್ಸ್ ಬೈಕು ತೆಗೆದುಕೊಂಡ ತರುಣರು ಇಬ್ಬರು ಮೂವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದ್ದೀರಿ. ಏಕೆ? ವಯಸ್ಸಿನ ಆಸೆ, ತಪ್ಪಲ್ಲ. ಆ ಬೈಕಿನಲ್ಲಿ ಪಾರ್ಸಲ್ ಹೊರಬೇಡಿ ಎಂದಷ್ಟೇ ನಮ್ಮ ಕೋರಿಕೆ.

ಸಂಘದ ಕಮಿಟಿ ಮಾಲೀಕರಲ್ಲಿ ಮೂರು ಮಾತು ಇಡಲು ತೀರ್ಮಾನಿಸಿದೆ. ಹೋಗುವ ಬರುವ ಎರಡೂ ದಾರಿಗೆ ಪೆಟ್ರೋಲು ಕೊಡಬೇಕು. ಕಂಪನಿಯ ಕಾಗದದ ಅಂಕಿಯನ್ನು ಬಿಟ್ಟು, ಟ್ಯಾಂಕು ತುಂಬಿಸಿ ಅಳೆದ ಅಂಕಿಯ ಮೇಲೆ ಕೊಡಬೇಕು. ಅರ್ಧ ಗಂಟೆಯನ್ನು ಪೊಟ್ಟಣ ಹುಡುಗನ ಕೈಗೆ ಬಂದ ಹೊತ್ತಿನಿಂದ ಎಣಿಸಬೇಕು. ಮೂರನೆಯದಕ್ಕೆ ಅವರು ಬೇಗ ಒಪ್ಪಲಾರರು, ನಮಗೆ ಗೊತ್ತಿದೆ. ಹೋಟೆಲು ನಡೆಸುವವರಲ್ಲಿ ಹಲವರು ನಮ್ಮ ಜಿಲ್ಲೆಯವರೇ, ಒಂದು ಕಾಲದಲ್ಲಿ ಲೋಟ ತೊಳೆದವರೇ. ಕೂತು ಮಾತನಾಡಿದರೆ ಮೊದಲಿನ ಎರಡಕ್ಕಾದರೂ ಒಪ್ಪಿಯಾರು. ಆದರೆ ಒಬ್ಬ ಹುಡುಗನ ಒಂದು ವಾರದ ಲೆಕ್ಕವನ್ನು ಹಿಡಿದು ಹೋದರೆ ಗಲ್ಲಾದ ಮುಂದೆಯೇ ಮಾತು ಮುಗಿಯುತ್ತದೆ. ಹತ್ತು ಜನರ ನಾಲ್ಕು ವಾರದ ಲೆಕ್ಕ ಬೇಕು.

ಪುಸ್ತಕವನ್ನು ವಾಚನಾಲಯದ ಕ್ಯಾಲೆಂಡರಿನ ಪಕ್ಕ ತೂಗುಹಾಕಿದ್ದೇವೆ, ಪೆನ್ಸಿಲು ಕಟ್ಟಿದೆ. ಪ್ರತಿ ಸಲ ಟ್ಯಾಂಕು ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆಯಿರಿ, ಪಂಪಿನ ಚೀಟಿ ಕೇಳಿ ಪಡೆಯಿರಿ, ಎಸೆಯಬೇಡಿ. ಬರೆಯಲು ಬಾರದವರು ನಾಚಬೇಕಾದ್ದಿಲ್ಲ. ಭಾನುವಾರ ಬೆಳಿಗ್ಗೆ ಮಿಲ್ಲಿನ ಇಬ್ಬರು ಬಾಂಧವರು ಬಂದು ಕೂಡಿಸಿಕೊಡಲು ಒಪ್ಪಿದ್ದಾರೆ. ಅವರಿಗೆ ಕಾಫಿಯನ್ನು ಹೋಟೆಲಿನವರು ನೋಡಿಕೊಳ್ಳಬೇಕು.